ಕ್ಯಾಂಡಿ ದಾರಿಯಲ್ಲಿ ಒಂದು ಟವೆಲ್ಲು

ಕೊಲಂಬೊ ವಿಮಾನ ನಿಲ್ದಾಣದಲ್ಲಿ ನಾವು ಇಳಿದಾಗ ಮಧ್ಯಾಹ್ನ ಹನ್ನೆರಡೂಕಾಲು. ಬೆಂಗಳೂರಿನಿಂದ ಬರೀ ಒಂದೂವರೆ ಗಂಟೆಯ ಹಾದಿ. ಹೊನ್ನಾಳಿಯಿಂದ ಬೆಂಗಳೂರಿಗೆ ಏಳು ಗಂಟೆ ಬಸ್ಸಿನಲ್ಲಿ ಕೂತು ಸೊಂಟ ಹಿಡಿಸಿಕೊಂಡಿದ್ದ ನಮಗೆ, ಸಮುದ್ರ ದಾಟಿ ಬೇರೆ ದೇಶಕ್ಕೆ ಬಂದಿದ್ದೇವೆ ಅಂತ ನಂಬಿಕೆಯೇ ಹುಟ್ಟಲಿಲ್ಲ. "ಇಷ್ಟೇನಾ? ನಮ್ಮೂರಿಂದ ದಾವಣಗೆರೆಗೆ ಹೋದಷ್ಟೂ ಆಗಲಿಲ್ಲ" ಅಂದರು ಜಗಳೂರಿನ ತಿಪ್ಪಕ್ಕ.

ನಾವು ಒಟ್ಟು ಇಪ್ಪತ್ಮೂರು ಜನ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು, ನಾಲ್ಕೂ ಕಡೆಯವರು. ಹೊರಡಿಸಿದವನು ಚನ್ನಗಿರಿಯ ರಫೀಕ್. ಬಟ್ಟೆ ವ್ಯಾಪಾರ ಮಾಡಿಕೊಂಡು ನಾಲ್ಕು ವರ್ಷ ಸೇಲಂನಲ್ಲಿದ್ದವನು, ತಮಿಳು ಬರುತ್ತದೆ, ಇಂಗ್ಲಿಷಿಗೂ ಅಂಜುವವನಲ್ಲ. ಐದು ದಿನದ ಪ್ರವಾಸ: ಸಮುದ್ರ, ಕ್ಯಾಂಡಿಯ ಬುದ್ಧನ ಗುಡಿ, ನುವರ ಎಲಿಯದ ಸೀತಮ್ಮನ ಗುಡಿ, ವಾಪಸ್ಸು. ಆಳು ಎಣಿಸುವ ಕೆಲಸವನ್ನು ರಫೀಕ್ ನನಗೆ ವಹಿಸಿದ್ದ. ಅದಕ್ಕೆ ಕಾರಣ ಇತ್ತು. ಹೊನ್ನಾಳಿ, ನ್ಯಾಮತಿ, ಸವಳಂಗ ಲೈನಿನ ಖಾಸಗಿ ಬಸ್ಸಿನಲ್ಲಿ ನಾನು ಮೂವತ್ತೊಂದು ವರ್ಷ ಕಂಡಕ್ಟರ್. ಬಾಗಿಲಲ್ಲಿ ನಿಂತು ಒಂದು ಸಲ ಒಳಗೆ ಕಣ್ಣು ಹಾಯಿಸಿದರೆ ಎಷ್ಟು ಜನ, ಎಷ್ಟು ಟಿಕೆಟ್ಟು, ಯಾರು ಸವಳಂಗಕ್ಕೆ ಟಿಕೆಟ್ ತಗೊಂಡು ಅದರಾಚೆಗೂ ಕೂತಿದಾರೆ, ಎಲ್ಲಾ ಗೊತ್ತಾಗುತ್ತಿತ್ತು. ಈ ಮಾತನ್ನು ನಾನು ವಿಮಾನದಲ್ಲಿ ಎರಡು ಸಲ ಹೇಳಿಕೊಂಡಿದ್ದೆ. ಈಗ ನೆನೆದರೆ ಒಂದು ಸಲ ಸಾಕಿತ್ತು.

ಮೊದಲ ದಿನ ನೆಗೊಂಬೊ ಎಂಬ ಸಮುದ್ರದ ಊರಲ್ಲಿ ಉಳಿದೆವು. ಸೆಖೆ. ಗಾಳಿಯಲ್ಲಿ ಒಣಮೀನಿನ ವಾಸನೆ. ನಮ್ಮ ಒಂದು ರೂಪಾಯಿಗೆ ಅವರದು ಮೂರೂವರೆ ಸಿಗುತ್ತಿತ್ತು, ಹಂಗಾಗಿ ಎಲ್ಲರ ಜೇಬೂ ಇದ್ದಕ್ಕಿದ್ದಂತೆ ದಪ್ಪಗಾದವು. ತಿಪ್ಪಕ್ಕ ಸೀರೆ ಎತ್ತಿಕೊಂಡು ಅಲೆಗೆ ಕಾಲು ಕೊಟ್ಟು, "ಇಷ್ಟೊಂದು ನೀರು ಐತೆ, ಒಂದು ತಂಬಿಗೆ ಕುಡಿಯಾಕೆ ಬರಲ್ಲ. ಏನು ಉಪಯೋಗ ಹೇಳ್ರಿ ಇದು?" ಅಂತ ಸಮುದ್ರವನ್ನೇ ಬೈದರು.

ಇಲ್ಲಿ ನನ್ನ ಸ್ನೇಹಿತ ಬಸವಲಿಂಗಪ್ಪನ ವಿಷಯ ಹೇಳಬೇಕು. ನಲ್ಲೂರಿನವನು. ಅಡಿಕೆ ಖೇಣಿ ಹಿಡಿಯುವುದು ಅವನ ಕಸುಬು. ಮರದ ಮೇಲಿನ ಗೊನೆ ನೋಡಿ, ಈ ತೋಟದಲ್ಲಿ ಇಷ್ಟು ಕ್ವಿಂಟಾಲ್ ಆಗುತ್ತದೆ ಅಂತ ನಿಂತಲ್ಲೇ ಹೇಳಿ ಕೊಯ್ಲಿಗೆ ಮುಂಚೆ ಫಸಲು ಕೊಳ್ಳುವವನು. ವಯಸ್ಸು ಅರವತ್ತೆಂಟು, ಸಕ್ಕರೆ ಕಾಯಿಲೆ, ಹಣೆ ತುಂಬಾ ವಿಭೂತಿ, ಕೊರಳಲ್ಲಿ ರುದ್ರಾಕ್ಷಿ. ತೋಟ ನೋಡಲು ನ್ಯಾಮತಿ ಕಡೆ ಓಡಾಡುವಾಗ ನನ್ನ ಬಸ್ಸಿನ ಪ್ಯಾಸೆಂಜರಾಗಿ ಪರಿಚಯವಾಗಿ ಸ್ನೇಹಿತನಾದವನು. ಸ್ನಾನ ಮಾಡಿ, ಇಷ್ಟಲಿಂಗವನ್ನು ಅಂಗೈಯಲ್ಲಿಟ್ಟು ಪೂಜೆ ಮುಗಿಸದೆ ಒಂದು ಗುಟುಕು ಚಹಾ ಕೂಡ ಬಾಯಿಗೆ ಹಾಕುವವನಲ್ಲ. ಅವನ ಹೆಂಡತಿ ಗೌರಮ್ಮನೂ ಜೊತೆಗೆ ಬಂದಿದ್ದರು. ಬಾಯಿ ಜೋರು, ಮನಸ್ಸು ಮೆತ್ತಗೆ.

ಎರಡನೆಯ ದಿನ ಬೆಳಿಗ್ಗೆ ಐದೂವರೆಗೆ ಕ್ಯಾಂಡಿಗೆ ಹೊರಟೆವು, ಸುಮಾರು ನೂರು ಕಿಲೋಮೀಟರು. ಆ ಬೆಳಿಗ್ಗೆಯೇ ಲಾಡ್ಜಿನ ನಲ್ಲಿ ಕೈಕೊಟ್ಟಿತ್ತು. ಬಾಟಲಿ ನೀರು ಕೊಟ್ಟರು. ಗೌರಮ್ಮ ಅದರಲ್ಲೇ ಕೈಕಾಲು ಮುಖ ತೊಳೆದು ಪೂಜೆ ಮುಗಿಸಿದರು. ಬಸವಲಿಂಗಪ್ಪ ಮಾತ್ರ, "ಮುಚ್ಚಳ ತಿರುವಿ ಬರೋ ನೀರಾಗೆ ಸ್ನಾನ ಮಾಡಾಕೆ ಆಗ್ತದೇನೋ? ದಾರ್ಯಾಗೆ ಹಳ್ಳನೋ ಬಾವಿನೋ ಸಿಗ್ತದೆ ಬಿಡು" ಅಂತ ಬಸ್ಸು ಹತ್ತಿ ಕೊನೇ ಸೀಟಿನ ಕಿಟಕಿ ಪಕ್ಕ ಕೂತ.

ದಾರಿ ಚೆನ್ನಾಗಿತ್ತು. ಎರಡೂ ಕಡೆ ತೆಂಗು, ರಬ್ಬರು, ಅನಾನಸ್ ಜೋಡಿಸಿಟ್ಟ ಅಂಗಡಿಗಳು. ಎಂಟೂವರೆಗೆ ಮಾವನೆಲ್ಲ ಎಂಬ ಊರು ದಾಟಿ ಒಂದು ಚಹಾ ಅಂಗಡಿಯ ಮುಂದೆ ಡ್ರೈವರ್ ಸುನಿಲ್ ಬಸ್ಸು ನಿಲ್ಲಿಸಿದ. ಅಕ್ಕಿಹಿಟ್ಟಿನ ಅಪ್ಪಂ, ಕೆಂಪು ಕೊಬ್ಬರಿ ಚಟ್ನಿ, ಹಾಲಿಲ್ಲದ ಚಹಾ. ಚಟ್ನಿಯ ಖಾರಕ್ಕೆ ನ್ಯಾಮತಿಯವರೇ ಕಣ್ಣೊರೆಸಿಕೊಂಡರು ಅಂದರೆ ನೀವು ಅಂದಾಜು ಮಾಡಿಕೊಳ್ಳಿ. ಒಂಬತ್ತೂಕಾಲಿಗೆ ಎಲ್ಲರೂ ಹತ್ತಿದರು. ನಾನು ಬಾಗಿಲಲ್ಲಿ ನಿಂತು ಮುಂದಿನಿಂದ ಹಿಂದಿನವರೆಗೆ ಕಣ್ಣು ಹಾಯಿಸಿದೆ. ನನ್ನನ್ನೂ ಸೇರಿಸಿ ಇಪ್ಪತ್ಮೂರು. ಬಸ್ಸಿನ ಮೈಗೆ ಎರಡು ಸಲ ತಟ್ಟಿದೆ. ಹಳೇ ಅಭ್ಯಾಸ. ಸುನಿಲ್‌ಗೆ ಅದು ಅರ್ಥವಾಗಿ ನಕ್ಕು ಗೇರು ಹಾಕಿದ.

ಅಲ್ಲಿಂದ ಮುಂದೆ ಘಟ್ಟ. ತಂಪು ಗಾಳಿ, ತಿರುವು, ಹೊಟ್ಟೆ ತುಂಬಿದ ಜನ. ಇಡೀ ಬಸ್ಸು ನಿದ್ದೆಗೆ ಬಿತ್ತು. ಮುಂದೆ ಹೆಂಗಸರ ಸಾಲಿನಲ್ಲಿ ಗೌರಮ್ಮ ತಿಪ್ಪಕ್ಕನ ಭುಜಕ್ಕೆ ತಲೆ ಕೊಟ್ಟಿದ್ದರು.

ಹತ್ತೂಮುಕ್ಕಾಲಿಗೆ ಕ್ಯಾಂಡಿಯ ಕೆರೆ ದಂಡೆಯಲ್ಲಿ ಇಳಿದೆವು. ನಾನು ಮೊದಲು ಇಳಿದು ಬಾಗಿಲ ಪಕ್ಕ ನಿಂತು, ಇಳಿಯುವವರನ್ನು ಒಬ್ಬೊಬ್ಬರಾಗಿ ಎಣಿಸಿದೆ. ನನ್ನನ್ನು ಸೇರಿಸಿ ಇಪ್ಪತ್ತೆರಡಕ್ಕೆ ಬಸ್ಸು ಖಾಲಿಯಾಯಿತು. ಮಲಗಿರಬೇಕು ಅಂತ ಒಳಗೆ ಹತ್ತಿ ಹಿಂದಕ್ಕೆ ಹೋದೆ. ಕೊನೇ ಸೀಟಿನ ಕಿಟಕಿ ಪಕ್ಕದಲ್ಲಿ, ನಾಲ್ಕು ಮಡಿಕೆ ಮಾಡಿದ ಬಿಳೀ ಟವೆಲ್ಲು, ಕೆಂಪು ಅಂಚಿನದು, ಅಚ್ಚುಕಟ್ಟಾಗಿ ಕೂತಿತ್ತು.

ಅದನ್ನು ಕೈಗೆತ್ತಿಕೊಂಡ ಮೇಲೇ ನನಗೆ ಹೊಳೆದಿದ್ದು. ನಮ್ಮ ಕಡೆಯ ಬಸ್ಸಿನಲ್ಲಿ ಸೀಟಿನ ಮೇಲೆ ಟವೆಲ್ ಬಿತ್ತು ಅಂದರೆ ಅಲ್ಲಿ ಆಳು ಕೂತ ಹಾಗೇ ಲೆಕ್ಕ. ಕಿಟಕಿಯಿಂದ ಟವೆಲ್ ಎಸೆದು, ಆಮೇಲೆ ನಿಧಾನಕ್ಕೆ ಹತ್ತುತ್ತಾರೆ. ಆ ಸೀಟನ್ನು ಯಾರೂ ಮುಟ್ಟುವುದಿಲ್ಲ, ಕಂಡಕ್ಟರು ಕೂಡ ಟವೆಲ್ಲನ್ನು ತಲೆಯ ಜೊತೆಗೇ ಎಣಿಸಿಬಿಡುತ್ತಾನೆ. ಮೂವತ್ತೊಂದು ವರ್ಷ ನನ್ನ ಕಣ್ಣು ಹಾಗೇ ಪಳಗಿತ್ತು. ಆ ಬೆಳಿಗ್ಗೆ ಪರದೇಶದಲ್ಲಿ ನಾನು ಎಣಿಸಿದ್ದು ಇಪ್ಪತ್ತೆರಡು ಜನ ಮತ್ತು ಒಂದು ಟವೆಲ್ಲು.

ಅವನ ಫೋನು, ಮಾತ್ರೆ ಡಬ್ಬಿ, ಪಾಸ್‌ಪೋರ್ಟು ಎಲ್ಲಾ ಮೇಲಿನ ಚೀಲದಲ್ಲೇ ಇದ್ದವು.

ಗೌರಮ್ಮನಿಗೆ ನಾನೇ ಹೇಳಿದೆ. ಅವರು ಅಳಲಿಲ್ಲ, ಕೂಗಲಿಲ್ಲ. ಅದು ಇನ್ನೂ ಕಷ್ಟವಾಯಿತು. "ಪೂಜೆ ಆಗಿರಲಿಲ್ಲ ಹಾಲೇಶಣ್ಣ. ಬಾಯಿಗೆ ನೀರೂ ಹಾಕಿರಲಿಲ್ಲ. ಬೆಳಗಿನ ಮಾತ್ರೆನೂ ತಗೊಂಡಿಲ್ಲ. ಹಸಿದ್ರೆ ಅವರಿಗೆ ಕಣ್ಣು ಕತ್ತಲೆ ಬರ್ತದೆ. ಎಲ್ಲಾದ್ರೂ ಬಿದ್ರೆ ಎತ್ತೋರಿಗೆ ಏನು ಅಂತ ಹೇಳ್ತಾರೆ? ಅವರಿಗೆ ಕನ್ನಡ ಬಿಟ್ರೆ ಏನೂ ಬರಂಗಿಲ್ಲ."

ಉಳಿದವರನ್ನು ತಿಪ್ಪಕ್ಕನ ಸುಪರ್ದಿಗೆ ಬಿಟ್ಟು ರಫೀಕ್, ಗೌರಮ್ಮ, ನಾನು ಅದೇ ಬಸ್ಸಿನಲ್ಲಿ ಹಿಂದಕ್ಕೆ ಹೊರಟೆವು. ಖಾಲಿ ಬಸ್ಸು, ಮೂವತ್ತು ಕಿಲೋಮೀಟರು. ಎದುರಿಗೆ ಕೊಲಂಬೊ ಕಡೆಯಿಂದ ಒಂದರ ಹಿಂದೆ ಒಂದು ಬಸ್ಸು ಬರುತ್ತಲೇ ಇದ್ದವು. ನಾನು ಕಿಟಕಿಯಿಂದ ರಸ್ತೆ ಪಕ್ಕದ ಪ್ರತಿಯೊಂದು ಬಿಳೀ ಪಂಚೆಯನ್ನೂ ನೋಡುತ್ತಿದ್ದೆ. ಎದುರಿನ ಬಸ್ಸುಗಳ ಒಳಗೆ ನೋಡಬೇಕು ಅಂತ ಹೊಳೆಯಲಿಲ್ಲ.

ಚಹಾ ಅಂಗಡಿಗೆ ಮುಟ್ಟಿದಾಗ ಹನ್ನೆರಡೂವರೆ. ನಮ್ಮನ್ನು ನೋಡಿದ್ದೇ ತಡ ಅಂಗಡಿಯಮ್ಮ ಎದ್ದು ಬಂದು, ತನ್ನ ಹಣೆ ಮೇಲೆ ಮೂರು ಬೆರಳು ಅಡ್ಡಕ್ಕೆ ಎಳೆದು ತೋರಿಸಿದಳು. ಅದೊಂದು ಸನ್ನೆಗೆ ಗೌರಮ್ಮ ಅವಳ ಎರಡೂ ಕೈ ಹಿಡಿದುಕೊಂಡುಬಿಟ್ಟರು. ಅವಳು ನಮ್ಮನ್ನು ಅಂಗಡಿಯ ಹಿಂದಕ್ಕೆ ಕರೆದುಕೊಂಡು ಹೋದಳು. ಇಪ್ಪತ್ತು ಹೆಜ್ಜೆ ಇಳಿದರೆ ಒಂದು ಹಳ್ಳ, ತಿಳಿ ನೀರು. ದಂಡೆಯ ಚಪ್ಪಟೆ ಕಲ್ಲಿನ ಮೇಲೆ ವಿಭೂತಿಯ ಬಿಳೀ ಗುರುತು, ಪಕ್ಕದಲ್ಲಿ ಮೂರು ಕೆಂಪು ದಾಸವಾಳ.

"ಪೂಜೆ ಆಗೈತೆ!" ಅಂದರು ಗೌರಮ್ಮ. ಮುಖಕ್ಕೆ ರಕ್ತ ವಾಪಸ್ಸು ಬಂತು. "ಪೂಜೆ ಆಗೈತೆ ಅಂದ್ಮೇಲೆ ಏನಾದ್ರೂ ತಿಂದೇ ತಿಂದಿರ್ತಾರೆ."

ತಿಂದಿದ್ದ. ಅಂಗಡಿಯಮ್ಮ ಬಾಳೆಗೊನೆಗೆ ಬೆರಳು ತೋರಿಸಿ ಎರಡು ಅಂದಳು. ಸುನಿಲ್ ಅವಳನ್ನು ಸಿಂಹಳದಲ್ಲಿ ಕೇಳಿ ರಫೀಕ್‌ಗೆ ಇಂಗ್ಲಿಷಿನಲ್ಲಿ ಹೇಳಿದ, ರಫೀಕ್ ನಮಗೆ ಕನ್ನಡದಲ್ಲಿ. ಬಸವಲಿಂಗಪ್ಪ ಪೂಜೆ ಮುಗಿಸಿ ಮೇಲೆ ಬಂದಾಗ ಬಸ್ಸು ಇರಲಿಲ್ಲ. ಗಾಬರಿ ಬೀಳಲಿಲ್ಲ. ಹಣ್ಣು ತಿಂದು ಬೆಂಚಿನ ಮೇಲೆ ಒಂದು ಗಂಟೆ ಕೂತಿದ್ದ. ಆಮೇಲೆ ಎದ್ದು, ಕೈ ಮುಗಿದು, ರಸ್ತೆಗೆ ಹೋದ. ಅಷ್ಟರಲ್ಲಿ ಗಿರಾಕಿ ಬಂದರು. ಅವಳು ತಿರುಗಿ ನೋಡುವಷ್ಟರಲ್ಲಿ ಇಲ್ಲ. ಬಸ್ಸು ಹತ್ತಿರಬೇಕು. ಯಾವ ಕಡೆಯದು ಅನ್ನುವುದು ಗೊತ್ತಿಲ್ಲ.

ರಫೀಕ್ ಆಗಲೇ ತೀರ್ಮಾನಕ್ಕೆ ಬಂದಿದ್ದ. "ಅಂಕಲ್, ವಾಪಸ್ ನೆಗೊಂಬೊಗೇ ಹೋಗಿರ್ತಾರೆ. ಗೊತ್ತಿರೋದು ಅದೊಂದೇ ಜಾಗ, ಇಲ್ಲಾ ಅಂದ್ರೆ ಏರ್‌ಪೋರ್ಟು. ಪೊಲೀಸ್ ಕಂಪ್ಲೇಂಟ್ ಕೊಟ್ಟು ಆ ಕಡೆ ಹೋಗೋಣ."

ಅವನ ಮಾತಿನಲ್ಲಿ ತಪ್ಪಿರಲಿಲ್ಲ. ತಿಳಿವಳಿಕೆ ಇರುವ ಪ್ರವಾಸಿ ಹಾಗೇ ಮಾಡುತ್ತಾನೆ. ಆದರೆ ಬಸವಲಿಂಗಪ್ಪ ಪ್ರವಾಸಿ ಅಲ್ಲ, ನನ್ನ ಲೈನಿನ ಪ್ಯಾಸೆಂಜರು. ನಾನು ಆ ಬೆಂಚಿನ ಮೇಲೆ, ಅವನು ಕೂತಿದ್ದ ಜಾಗದಲ್ಲೇ ಕೂತು ಯೋಚನೆ ಮಾಡಿದೆ. ಸವಳಂಗದಲ್ಲಿ ಚಹಾಕ್ಕೆ ಇಳಿದ ಒಬ್ಬನಿಗೆ ಬಸ್ಸು ತಪ್ಪಿತು ಅನ್ನಿ. ಅವನು ಏನು ಮಾಡುತ್ತಾನೆ? ಹಿಂದಕ್ಕೆ ಹೋಗುವುದಿಲ್ಲ. ಅವನ ಗಂಟು ಮುಂದೆ ಹೋಗಿದೆ. ಹಿಂದೆ ಬರುವ ಬಸ್ಸು ಹತ್ತಿ ಕೊನೇ ಸ್ಟ್ಯಾಂಡಿಗೆ ಹೋಗಿ, ಬಸ್ಸು ಬಂದು ಹೋಗುವ ಸಮಯ ಬರೆದುಕೊಳ್ಳುವ ಟೈಂಕೀಪರ್ ರೂಮಿನ ಮುಂದೆ ನಿಲ್ಲುತ್ತಾನೆ. ಯಾಕೆಂದರೆ ವಾರಸುದಾರರಿಲ್ಲದ ಗಂಟು, ಕೊಡೆ, ಟವೆಲ್ಲು ಸಿಕ್ಕರೆ ಕಂಡಕ್ಟರು ಅದನ್ನು ಟೈಂಕೀಪರ್ ಹತ್ತಿರ ಕೊಟ್ಟು ಹೋಗಬೇಕು. ಎಷ್ಟು ಜನರಿಗೆ ನಾನೇ ಹಾಗೆ ಕೊಟ್ಟಿಲ್ಲ!

"ಅವನು ಕ್ಯಾಂಡಿ ಬಸ್ ಸ್ಟ್ಯಾಂಡಿನಲ್ಲಿದಾನೆ" ಅಂದೆ.

ಗೌರಮ್ಮ ನನ್ನನ್ನೇ ನೋಡಿದರು. "ಹಾಲೇಶಣ್ಣ, ನಿಮ್ಮ ಲೆಕ್ಕ ನಂಬಿದ್ದಕ್ಕೇ ನಮ್ಮೋರು ಹಳ್ಳದ ದಂಡ್ಯಾಗೆ ಉಳಿದಿದ್ದು. ಈಗ ಇನ್ನೊಂದು ಲೆಕ್ಕ ಹೇಳ್ತಿದೀರಿ. ಇದನ್ನೂ ನಂಬ್ಲಾ?"

"ಅದು ಕಣ್ಣಿನ ಲೆಕ್ಕ ಗೌರಮ್ಮ, ಮೋಸ ಹೋದೆ. ಇದು ಅವನ ಬುದ್ಧಿ ನೋಡಿ ಹಾಕಿದ್ದು. ಇದೂ ತಪ್ಪಿದ್ರೆ ನಾನು ಈ ದೇಶದಾಗೇ ಉಳೀತೀನಿ, ಅವನು ಸಿಗೋ ತನಕ ಊರಿಗೆ ಬರಂಗಿಲ್ಲ."

"ನೀವು ಉಳಿದು ಏನು ಮಾಡ್ತೀರಿ? ನಿಮ್ಮನ್ನ ಹುಡುಕಾಕೆ ಇನ್ನೊಬ್ಬರನ್ನ ಕಳಿಸ್ಬೇಕು" ಅಂದರು. ಆದರೆ ಎದ್ದು ಸೆರಗು ಸಿಗಿಸಿಕೊಂಡರು. "ನಡೀರಿ. ಟವೆಲ್ ತಗೊಳ್ರಿ."

ರಫೀಕ್ ಸುನಿಲ್ ಜೊತೆ ಮಾವನೆಲ್ಲದ ಪೊಲೀಸ್ ಠಾಣೆಗೆ ಹೋಗುವುದು, ನಾವಿಬ್ಬರು ಮುಂದಿನ ಸರ್ವೀಸ್ ಬಸ್ಸಿನಲ್ಲಿ ಕ್ಯಾಂಡಿಗೆ ಹೋಗುವುದು ಅಂತಾಯಿತು. ಒಂದೂಕಾಲಿಗೆ ಒಂದು ಬಸ್ಸು ಬಂತು. ಕೆಂಪು ನೀಲಿ ಬಣ್ಣ, ಕಿವಿ ಹರಿಯುವ ಹಾಡು, ಡ್ರೈವರ್ ಮುಂದೆ ಬುದ್ಧ, ಗಣೇಶ ಇಬ್ಬರಿಗೂ ಮಲ್ಲಿಗೆ ಹಾರ. ಕಂಡಕ್ಟರು ಐವತ್ತರ ಆಸುಪಾಸಿನವನು, ನರೆತ ಮೀಸೆ. ನೋಟುಗಳನ್ನು ಉದ್ದಕ್ಕೆ ಮಡಿಚಿ ಬೆರಳ ಸಂದಿಯಲ್ಲಿ ಸಿಗಿಸಿಕೊಂಡಿದ್ದ. ಅದನ್ನು ನೋಡಿಯೇ ನನಗೆ ಅರ್ಧ ಧೈರ್ಯ ಬಂತು.

ನಾನೂ ನೋಟು ಹಾಗೇ ಮಡಿಚಿ, ಬೆರಳ ಸಂದಿಯಲ್ಲಿಟ್ಟು, ಎದೆ ಮುಟ್ಟಿಕೊಂಡು "ಕಂಡಕ್ಟರ್, ಇಂಡಿಯಾ" ಅಂದೆ. ಅವನು ಒಂದು ಗಳಿಗೆ ನೋಡಿ ಗಟ್ಟಿಯಾಗಿ ನಕ್ಕು ನನ್ನ ಭುಜಕ್ಕೆ ಒಂದು ಕೊಟ್ಟ. ನಾನು ಫೋನಿನಲ್ಲಿದ್ದ ಬಸವಲಿಂಗಪ್ಪನ ಫೋಟೊ ತೋರಿಸಿದೆ. "ಮಿಸ್ಸಿಂಗ್. ಬಸ್. ಟೈಂಕೀಪರ್?" ಮೂರೇ ಮಾತು. ಟೈಂಕೀಪರ್ ಅಂದ ಕೂಡಲೇ ಅವನ ಹುಬ್ಬು ಮೇಲೆ ಹೋಯಿತು. ಅಲ್ಲೂ ಟೈಂಕೀಪರ್ ಅಂದರೆ ಟೈಂಕೀಪರೇ!

ಅವನು ಫೋಟೊವನ್ನು ಡ್ರೈವರಿಗೆ ತೋರಿಸಿದ, ಮುಂದಿನ ಸಾಲಿನವರಿಗೂ ತೋರಿಸಿದ. ಆಮೇಲೆ ತನ್ನ ಫೋನು ತೆಗೆದು ಯಾರ ಜೊತೆಯೋ ಮಾತಾಡಿದ. ಎದುರಿನಿಂದ ಬಂದ ಇನ್ನೊಂದು ಬಸ್ಸು ತಿರುವಿನಲ್ಲಿ ನಿಧಾನವಾದಾಗ ಬಾಗಿಲಿನಿಂದ ಹೊರಗೆ ಬಾಗಿ ಕೂಗಿದ. ಆ ಕಡೆಯ ಕಂಡಕ್ಟರು ಹಣೆಗೆ ಮೂರು ಬೆರಳು ಎಳೆದು ತೋರಿಸಿ, ಹೆಬ್ಬೆರಳಿನಲ್ಲಿ ಹಿಂದಕ್ಕೆ, ಕ್ಯಾಂಡಿ ಕಡೆಗೆ ಸನ್ನೆ ಮಾಡಿದ.

ನಮ್ಮ ಮೀಸೆಯ ಕಂಡಕ್ಟರು ತಿರುಗಿ, ಡ್ರೈವರ್ ಹಿಂದಿನ ಮೊದಲ ಸೀಟನ್ನು ತಟ್ಟಿ ತೋರಿಸಿದ. ಮುಂದಿನ ಸಾಲಿನ ಒಬ್ಬರು ಹರಕು ಇಂಗ್ಲಿಷಿನಲ್ಲಿ, ಸನ್ನೆಯಲ್ಲಿ ಬಿಡಿಸಿ ಹೇಳಿದರು: ಆ ಸೀಟು ಬೌದ್ಧ ಭಿಕ್ಷುಗಳಿಗೆ ಮೀಸಲು. ಅಲ್ಲಿ ಬೇರೆ ಯಾರೂ ಕೂರುವಂತಿಲ್ಲ. ವಿಭೂತಿ, ರುದ್ರಾಕ್ಷಿ ನೋಡಿ ಬಸವಲಿಂಗಪ್ಪನನ್ನು ಯಾವುದೋ ಮಠದ ಸ್ವಾಮಿ ಅಂತ ತಿಳಿದು, ಅವನು ಹತ್ತಿದ ಬಸ್ಸಿನವರು ಅಂಥದೇ ಸೀಟಿನಲ್ಲಿ ಕೂರಿಸಿದ್ದರಂತೆ. ಅದಕ್ಕೇ ಆ ದಾರಿಯ ಕಂಡಕ್ಟರುಗಳಿಗೆಲ್ಲ ಅವನ ನೆನಪು.

ನಾನು ಗೌರಮ್ಮನಿಗೆ ಇದನ್ನು ಹೇಳಿದೆ. ಬೆಳಿಗ್ಗೆಯಿಂದ ಮೊದಲ ಸಲ ಅವರು ನಕ್ಕರು, ನಗುತ್ತಲೇ ಕಣ್ಣಲ್ಲಿ ನೀರು ಬಂತು. "ಸ್ವಾಮಿಯಂತೆ! ಬೆಳಗ್ಗೆ ಎದ್ದು ಟವೆಲ್ ಎಲ್ಲಿ, ಕನ್ನಡಕ ಎಲ್ಲಿ ಅಂತ ಮನೆ ಹಾರಿಹೋಗೋ ಹಂಗೆ ಕೂಗಾಡೋ ಸ್ವಾಮಿ" ಅಂದರು. ಇಬ್ಬರಿಗೂ ಸೇರಿ ಇನ್ನೂರ ನಲವತ್ತು ರೂಪಾಯಿ ಟಿಕೆಟ್ಟು. ಕೊಡಲು ಹೋದರೆ ಕಂಡಕ್ಟರು ನನ್ನ ಕೈಯನ್ನೇ ಮಡಿಚಿಬಿಟ್ಟ.

ಎರಡೂವರೆಗೆ ಕ್ಯಾಂಡಿಯ ರೈಲ್ವೆ ಸ್ಟೇಷನ್ ಪಕ್ಕದ ಬಸ್ ಸ್ಟ್ಯಾಂಡು. ಹೊಗೆ, ಹಾರ್ನು, ಕಡ್ಲೆಕಾಯಿ, ಲಾಟರಿ. ಟೈಂಕೀಪರ್ ಗೂಡು ನಮ್ಮ ಕಡೆಯದರಂತೆಯೇ ತಗಡಿನ ಮಾಡು, ಕಂಬಿಯ ಕಿಟಕಿ. ಕಂಬಿಯ ಆಚೆ, ಟೈಂಕೀಪರ್ ಕುರ್ಚಿಯ ಪಕ್ಕದ ಸ್ಟೂಲಿನ ಮೇಲೆ, ಅಡಕತ್ತರಿ ಹಿಡಿದು ಯಾರದೋ ಅಡಿಕೆ ಕತ್ತರಿಸಿಕೊಡುತ್ತಾ ಬಸವಲಿಂಗಪ್ಪ ಕೂತಿದ್ದ. ಸುತ್ತ ನಾಲ್ಕು ಜನ ಕಂಡಕ್ಟರುಗಳು ಕೈ ಚಾಚಿ ನಿಂತಿದ್ದರು. ಅಡಕತ್ತರಿ, ವಿಭೂತಿ, ಒಂದಿಷ್ಟು ಚಿಲ್ಲರೆ, ಇಷ್ಟನ್ನು ಮಾತ್ರ ಅವನು ಚೀಲಕ್ಕೆ ಹಾಕದೆ ಸೊಂಟದಲ್ಲಿ ಇಟ್ಟುಕೊಂಡಿದ್ದ.

ತಲೆಯೆತ್ತಿ ನನ್ನನ್ನು ನೋಡಿದ. "ಎಲ್ಲಿ ಹೋಗಿದ್ಯೋ ಮಾರಾಯ? ಹನ್ನೆರಡರಿಂದ ಕಾಯ್ತಾ ಇದೀನಿ. ಟವೆಲ್ ತಂದ್ಯಾ?"

ಟವೆಲ್ ಮುಂದೆ ಹಿಡಿದೆ. ಅವನು ಒದರಿ ಹೆಗಲಿಗೆ ಹಾಕಿಕೊಂಡ. ಗೌರಮ್ಮ ಮಾತ್ರೆ ಡಬ್ಬಿ ತೆಗೆದು, ಬಾಟಲಿಯ ಮುಚ್ಚಳ ತಿರುವಿ ಕೈಗೆ ಕೊಟ್ಟರು. "ಇದು ಮುಚ್ಚಳ ತಿರುವಿ ಬರೋ ನೀರೇ. ಸುಮ್ನೆ ಕುಡೀರಿ" ಅಂದರು. ಕುಡಿದ. ಅವನು ಏನೂ ಎದುರು ಮಾತಾಡದೆ ಒಂದು ಕೆಲಸ ಮಾಡಿದ್ದು ನಾನು ನೋಡಿದ್ದು ಅದೊಂದೇ ಸಲ.

"ಭಯ ಆಗಲಿಲ್ವೇನೋ?" ಅಂತ ಆಮೇಲೆ ಕೇಳಿದೆ.

"ಯಾಕೆ ಭಯ? ಸೀಟಿನ ಮೇಲೆ ನನ್ನ ಟವೆಲ್ ಐತೆ. ಬಸ್ಸಿನಾಗೆ ನೀನಿದೀಯ. ಟವೆಲ್ ಐತೆ, ಆಳು ಇಲ್ಲ ಅಂದ್ರೆ ಕಂಡಕ್ಟರು ಟೈಂಕೀಪರ್ ಹತ್ರ ಬಂದೇ ಬರ್ತಾನೆ. ಅಲ್ವಾ?"

ನಾನು ಅದನ್ನು ಆಳು ಅಂತ ಎಣಿಸಿದ್ದೆ ಕಣೋ ಅಂತ ಹೇಳಲು ಬಾಯಿ ತೆರೆದೆ. ಗೌರಮ್ಮ ಅವನ ಬೆನ್ನ ಹಿಂದಿನಿಂದ ಬೇಡ ಅಂತ ತಲೆಯಾಡಿಸಿದರು. ಅವತ್ತು ಹೇಳಲಿಲ್ಲ. ರಫೀಕ್‌ಗೆ ಫೋನ್ ಮಾಡಿ ಪೊಲೀಸಿನವರಿಗೆ ಬೇಡ ಅನ್ನು ಅಂದೆ. ಟೈಂಕೀಪರ್ ನಮ್ಮ ಮೂವರಿಗೂ ಚಹಾ ತರಿಸಿದ, ತನ್ನ ರಿಜಿಸ್ಟರಿನಲ್ಲಿ ಬರೆದಿದ್ದ ಒಂದು ಸಾಲಿಗೆ ಗೆರೆ ಎಳೆದ. ಏನು ಬರೆದಿದ್ದನೋ ಓದಲು ಬರಲಿಲ್ಲ.

ಉಳಿದ ಮೂರು ದಿನ ಸೊಗಸಾಗಿ ಹೋದವು. ಬುದ್ಧನ ಗುಡಿ ನೋಡಿದೆವು. ನುವರ ಎಲಿಯದ ಚಳಿಗೆ ತಿಪ್ಪಕ್ಕ ಎರಡು ಸೀರೆ ಒಟ್ಟಿಗೆ ಉಟ್ಟರು. ಸೀತಮ್ಮನ ಗುಡಿಯ ಹಿಂದಿನ ಹಳ್ಳದಲ್ಲಿ ಬಸವಲಿಂಗಪ್ಪ ಪೂಜೆಗೆ ಕೂತಾಗ ಇಪ್ಪತ್ತೆರಡು ಜನವೂ ದಂಡೆಯಲ್ಲಿ ಕಾವಲು ನಿಂತಿದ್ದೆವು. ನಾನು ಕಣ್ಣಿನಿಂದ ಎಣಿಸುವುದನ್ನು ಬಿಟ್ಟೆ. ಒಬ್ಬೊಬ್ಬರ ಭುಜ ಮುಟ್ಟಿ ಎಣಿಸಿದೆ. "ಅಂಕಲ್, ಟಿಕೆಟ್ ಯಾವಾಗ ಹರೀತೀರಿ?" ಅಂತ ರಫೀಕ್ ಕೀಟಲೆ ಮಾಡಿದ.

ಬೆಂಗಳೂರಿನಿಂದ ರಫೀಕ್ ಗೊತ್ತು ಮಾಡಿದ್ದ ಮಿನಿ ಬಸ್ಸಿನಲ್ಲಿ ಊರ ಕಡೆ ಬಂದೆವು. ಚಿತ್ರದುರ್ಗದಲ್ಲಿ ಜಗಳೂರಿನವರು ಇಳಿದರು, ಚನ್ನಗಿರಿಯಲ್ಲಿ ಒಂದಷ್ಟು ಜನ. ಈ ದಾರಿಯಲ್ಲಿ ಬಸವಲಿಂಗಪ್ಪನಿಗೆ ನಿಜ ಹೇಳಿದೆ, ಟವೆಲ್ಲನ್ನು ಆಳು ಅಂತ ಎಣಿಸಿದ್ದನ್ನು. ಅವನು ಹೆಗಲ ಮೇಲಿನ ಟವೆಲ್ಲನ್ನು ತೆಗೆದು ತಿರುಗಿಸಿ ನೋಡಿದ. ಆಮೇಲೆ ಹೊಟ್ಟೆ ಕುಣಿಸಿ ನಗಲಿಕ್ಕೆ ಶುರು ಮಾಡಿದವನು ನಲ್ಲೂರು ಬರುವ ತನಕ ನಿಲ್ಲಿಸಲಿಲ್ಲ.

ನಲ್ಲೂರಿನಲ್ಲಿ ಗಂಡ ಹೆಂಡತಿ ಇಳಿದರು. ಚೀಲ ಇಳಿಸಿಕೊಟ್ಟೆ. ಬಸ್ಸಿನ ಮೈಗೆ ಎರಡು ಸಲ ತಟ್ಟಿ ಒಳಗೆ ತಿರುಗಿದರೆ ನನ್ನ ಪಕ್ಕದ ಸೀಟಿನ ಮೇಲೆ ಕೆಂಪು ಅಂಚಿನ ಟವೆಲ್ಲು, ನಾಲ್ಕು ಮಡಿಕೆ.

ಕಿಟಕಿಯಿಂದ ತಲೆ ಹಾಕಿ ಕೂಗಿದೆ: "ಬಸವಲಿಂಗಾ! ಟವೆಲ್ ಬಿಟ್ಟಿದೀಯ!"

ಅವನು ರಸ್ತೆ ಪಕ್ಕದಲ್ಲಿ ಚೀಲದ ಮೇಲೆ ಕಾಲಿಟ್ಟು ನಿಂತು ಕೈಯಾಡಿಸಿದ. "ಇರ್ಲಿ ಬಿಡೋ, ಬಿಟ್ಟೇ ಬಂದಿದೀನಿ. ಭಾನುವಾರ ಹೊನ್ನಾಳಿಗೆ ಬಂದು ತಗೊಂತೀನಿ. ಅಲ್ಲೀತನಕ ಎಣಿಸ್ಬೇಡ!"

ಬಸ್ಸು ತಿರುವು ತಗೊಳ್ಳುವ ತನಕ ಹಿಂದಿರುಗಿ ನೋಡುತ್ತಲೇ ಇದ್ದೆ. ಇಬ್ಬರೂ ಕಾಣುತ್ತಿದ್ದರು. ಬಸ್ಸಿನಲ್ಲಿ ಉಳಿದವರ ಭುಜ ಮುಟ್ಟಿ ಎಣಿಸಿದೆ, ನನ್ನನ್ನೂ ಸೇರಿಸಿ ಒಂಬತ್ತು. ಟವೆಲ್ಲನ್ನು ಎಣಿಸಲಿಲ್ಲ. ಆದರೆ ಹೊನ್ನಾಳಿ ಮುಟ್ಟುವ ತನಕ ಆ ಸೀಟಿನಲ್ಲಿ ಯಾರನ್ನೂ ಕೂರಲು ಬಿಡಲಿಲ್ಲ.